ಮನೆ ತುಂಬ ಜನ, ಮಾತಿಗೆ ಯಾರೂ ಇಲ್ಲ

ನಿಮ್ಮ ಮನೆಯ ಬೆಳಗನ್ನು ಒಮ್ಮೆ ನೆನೆಸಿಕೊಳ್ಳಿ. ಏಳು ಗಂಟೆಗೆ ಅಪ್ಪ ಟ್ರೈನು ಹಿಡಿಯಲು ಓಡುತ್ತಾರೆ. ಎಂಟಕ್ಕೆ ಅಮ್ಮ ಡಬ್ಬಿ ತುಂಬಿಕೊಂಡು ಆಫೀಸಿಗೆ ಹೊರಡುತ್ತಾರೆ. ಎಂಟೂವರೆಗೆ ನೀವು ಕಾಲೇಜಿಗೆ. ಬಾಗಿಲು ಹಾಕಿಕೊಂಡ ಮೇಲೆ ಆ ಮನೆಯಲ್ಲಿ ಏನು ನಡೆಯುತ್ತದೆ ಎಂದು ಎಂದಾದರೂ ಯೋಚಿಸಿದ್ದೀರಾ? ಊರಿನಲ್ಲಿ ಅಜ್ಜ ತೀರಿಕೊಂಡ ಮೇಲೆ ನಿಮ್ಮೊಡನೆ ಇರಲು ಬಂದ ಅಜ್ಜಿ ದೇವರಿಗೆ ದೀಪ ಹಚ್ಚುತ್ತಾರೆ, ಸೊಪ್ಪು ಬಿಡಿಸುತ್ತಾರೆ, ಟಿ.ವಿ. ಹಾಕುತ್ತಾರೆ, ಆರಿಸುತ್ತಾರೆ, ಬಾಲ್ಕನಿಗೆ ಬಂದು ನಿಲ್ಲುತ್ತಾರೆ. ಎದುರು ಮನೆಯವರ ಮಾತು ಮುಂಬಯಿಯಾದರೆ ಮರಾಠಿ, ಚೆನ್ನೈಯಾದರೆ ತಮಿಳು, ಹೈದರಾಬಾದಾದರೆ ತೆಲುಗು. ಮುಗುಳ್ನಕ್ಕು ಒಳಗೆ ಬರುತ್ತಾರೆ. ಸಂಜೆ ನೀವು ಬಂದು "ಊಟ ಆಯ್ತಾ ಅಜ್ಜಿ?" ಎನ್ನುತ್ತೀರಿ. "ಆಯ್ತಪ್ಪಾ" ಎನ್ನುತ್ತಾರೆ. ಅಲ್ಲಿಗೆ ಆ ದಿನದ ಮಾತು ಮುಗಿಯಿತು.

"ನಮ್ಮ ಅಜ್ಜಿಗೆ ಏನು ಕಡಿಮೆಯಾಗಿದೆ? ಹೊತ್ತಿಗೆ ಸರಿಯಾಗಿ ಊಟ, ಔಷಧಿ, ಮೇಲೆ ಫ್ಯಾನು, ಕೈಗೆ ಮೊಬೈಲು, ಮನೆ ತುಂಬ ಜನ. ಅವರು ಒಂಟಿಯಾಗುವುದು ಹೇಗೆ?" ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಸುಮಾರು ಎಪ್ಪತ್ತು ವರ್ಷಗಳಿಂದ ಸಂಶೋಧಕರು ಬೆನ್ನು ಹತ್ತಿರುವುದೂ ಇದೇ ಪ್ರಶ್ನೆಯನ್ನು. ಅವರು ಕಂಡುಕೊಂಡ ಉತ್ತರಗಳಲ್ಲಿ ಕೆಲವು ಅಚ್ಚರಿ ಹುಟ್ಟಿಸುತ್ತವೆ. ಕೆಲವು ನೇರವಾಗಿ ನಿಮ್ಮನ್ನೇ, ಅಂದರೆ ಹದಿನೇಳರಿಂದ ಇಪ್ಪತ್ತಮೂರರ ವಯಸ್ಸಿನವರನ್ನೇ ಕುರಿತು ಇವೆ. ಅದಕ್ಕಾಗಿಯೇ ಈ ಲೇಖನ.

ಒಬ್ಬರೇ ಇರುವುದು ಬೇರೆ, ಒಂಟಿಯಾಗುವುದು ಬೇರೆ

ನಮ್ಮ ಕನ್ನಡದಲ್ಲಿ ಎರಡು ಮಾತುಗಳಿವೆ: ಏಕಾಂತ ಮತ್ತು ಒಂಟಿತನ. ಏಕಾಂತ ನಾವಾಗಿ ಬಯಸಿ ಪಡೆಯುವಂಥದ್ದು. ಜಪಕ್ಕೆ ಕುಳಿತವರಿಗೆ, ಓದಲು ಕುಳಿತವರಿಗೆ ಅದು ಬೇಕು. ಒಂಟಿತನವನ್ನು ಯಾರೂ ಬಯಸುವುದಿಲ್ಲ. ಅದು ತಾನಾಗಿ ಬಂದು ಮೇಲೆ ಬೀಳುತ್ತದೆ. ನಮಗೆ ಬೇಕಾದ ಬಾಂಧವ್ಯಕ್ಕೂ ನಮಗೆ ದೊರೆತಿರುವ ಬಾಂಧವ್ಯಕ್ಕೂ ನಡುವೆ ಇರುವ ಅಂತರವೇ ಒಂಟಿತನ ಎಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಅಂದ ಮೇಲೆ ಸುತ್ತಮುತ್ತ ಎಷ್ಟು ಜನ ಇದ್ದಾರೆ ಎಂದು ತಲೆ ಎಣಿಸಿದರೆ ಅದು ತಿಳಿಯುವುದಿಲ್ಲ.

ಈ ಮಾತನ್ನು ಮೊದಲು ಅಂಕಿ ಅಂಶಗಳೊಡನೆ ಹೇಳಿದವರಲ್ಲಿ ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ ಪೀಟರ್ ಟೌನ್ಸೆಂಡ್ ಒಬ್ಬರು. ಲಂಡನ್ನಿನ ಪೂರ್ವಭಾಗದ ಬೆತ್ನಲ್ ಗ್ರೀನ್ ಎಂಬ ಕಾರ್ಮಿಕರ ಬಡಾವಣೆಯಲ್ಲಿ ಅವರು ಪಿಂಚಣಿ ವಯಸ್ಸಿನ 203 ಮಂದಿಯನ್ನು ಮಾತನಾಡಿಸಿದರು. ಮಕ್ಕಳು ವಾರಕ್ಕೆ ಎಷ್ಟು ಸಲ ಬರುತ್ತಾರೆ, ನೆರೆಯವರು ಯಾರು, ಯಾರೊಡನೆ ಎಷ್ಟು ಹೊತ್ತು ಮಾತು ಎಂದೆಲ್ಲ ವಿಚಾರಿಸಿದರು. ಅವರ ಪುಸ್ತಕ 1957ರಲ್ಲಿ ಹೊರಬಂತು. ಕಡಿಮೆ ಜನರನ್ನು ಕಾಣುವವರೆಲ್ಲ ಒಂಟಿತನದಿಂದ ನರಳುತ್ತಿರಲಿಲ್ಲ. ನರಳುತ್ತಿದ್ದವರಲ್ಲಿ ಹೆಚ್ಚಿನವರು ಇತ್ತೀಚೆಗೆ ತಮ್ಮವರನ್ನು, ಅದರಲ್ಲೂ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರು. ಜನರಿಲ್ಲದಿರುವುದಕ್ಕಿಂತ ಇದ್ದವರು ಇಲ್ಲವಾದದ್ದು ದೊಡ್ಡ ಕಾರಣ ಎಂದು ಟೌನ್ಸೆಂಡ್ ಬರೆದರು.

1973ರಲ್ಲಿ ಅಮೆರಿಕದ ರಾಬರ್ಟ್ ವೈಸ್ ಇದನ್ನು ಇನ್ನಷ್ಟು ಬಿಡಿಸಿ ಹೇಳಿದರು. ಅವರ ಪ್ರಕಾರ ಒಂಟಿತನದಲ್ಲಿ ಎರಡು ಬಗೆ. ಒಂದು, ಮನಸ್ಸು ಬಿಚ್ಚಿ ಮಾತನಾಡಲು ಆಪ್ತರೊಬ್ಬರು ಇಲ್ಲದ ಒಂಟಿತನ. ಇನ್ನೊಂದು, ತನ್ನದು ಎನ್ನಬಹುದಾದ ಒಂದು ಬಳಗವೇ ಇಲ್ಲದ ಒಂಟಿತನ. ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಲಾಗುವುದಿಲ್ಲ. ಹೊಟ್ಟೆ ಹಸಿದವನಿಗೆ ನೀರು ಕುಡಿಸಿದ ಹಾಗೆ. ಅಜ್ಜನ ಸ್ಥಾನವನ್ನು ಭಜನಾ ಮಂಡಳಿ ತುಂಬದು. ಹಾಗೆಯೇ ಎಷ್ಟೇ ಪ್ರೀತಿಯ ಮಗನಿದ್ದರೂ, ಊರಿನ ಜಗಲಿಯ ಮೇಲೆ ಸಂಜೆ ಸೇರುತ್ತಿದ್ದ ನಾಲ್ಕು ಹೆಂಗಸರ ಸ್ಥಾನವನ್ನು ಅವನೊಬ್ಬ ತುಂಬಲಾರ.

ನಮ್ಮ ದೇಶಕ್ಕೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. 2017-18ರಲ್ಲಿ ಭಾರತ ಸರ್ಕಾರ 45 ವರ್ಷ ದಾಟಿದ 72,000ಕ್ಕೂ ಹೆಚ್ಚು ಜನರನ್ನು ಒಳಗೊಂಡ ದೊಡ್ಡ ಸಮೀಕ್ಷೆಯೊಂದನ್ನು ನಡೆಸಿತು. ಅದರಲ್ಲಿ ಅರವತ್ತು ದಾಟಿದವರ ಪೈಕಿ ಒಬ್ಬರೇ ವಾಸಿಸುತ್ತಿದ್ದವರು ನೂರಕ್ಕೆ ಸುಮಾರು 6 ಮಂದಿ ಮಾತ್ರ. ಉಳಿದವರು ಗಂಡ, ಹೆಂಡತಿ, ಮಕ್ಕಳು, ಬಂಧುಗಳೊಡನೆಯೇ ಇರುವವರು. ಆದ್ದರಿಂದಲೇ "ನಮ್ಮಲ್ಲಿ ಒಂಟಿತನ ಎಲ್ಲಿದೆ? ಅದೆಲ್ಲ ವಿದೇಶದ ಕಾಯಿಲೆ" ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ.

ಅಳೆಯುವುದು ಹೇಗೆ?

ಜ್ವರಕ್ಕೆ ಥರ್ಮಾಮೀಟರ್ ಇದೆ, ಒಂಟಿತನಕ್ಕೆ? ಅದಕ್ಕೂ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿ 1978ರಲ್ಲಿ 20 ಅಂಶಗಳ ಒಂದು ಪಟ್ಟಿ ಸಿದ್ಧವಾಯಿತು. 2004ರಲ್ಲಿ ಅದನ್ನು ಮೂರೇ ಪ್ರಶ್ನೆಗಳಿಗೆ ಇಳಿಸಿದರು. ಜೊತೆಗೆ ಯಾರೂ ಇಲ್ಲ ಎಂದು ಎಷ್ಟು ಸಲ ಅನ್ನಿಸುತ್ತದೆ? ನನ್ನನ್ನು ಬಿಟ್ಟು ನಡೆಯುತ್ತಿದ್ದಾರೆ ಎಂದು ಎಷ್ಟು ಸಲ ಅನ್ನಿಸುತ್ತದೆ? ಎಲ್ಲರಿಂದ ಬೇರೆಯಾಗಿ ಉಳಿದೆ ಎಂದು ಎಷ್ಟು ಸಲ ಅನ್ನಿಸುತ್ತದೆ? ಉತ್ತರ ಅಪರೂಪ, ಕೆಲವೊಮ್ಮೆ, ಆಗಾಗ ಎಂಬ ಮೂರರಲ್ಲಿ ಒಂದು. ಒಟ್ಟು ಅಂಕ ಮೂರರಿಂದ ಒಂಬತ್ತರವರೆಗೆ.

ಗಮನಿಸಿ, ಈ ಮೂರು ಪ್ರಶ್ನೆಗಳಲ್ಲಿ "ಒಂಟಿತನ" ಎಂಬ ಮಾತೇ ಇಲ್ಲ. ನಮ್ಮ ಹಿರಿಯರೂ ಆ ಪದವನ್ನು ಬಳಸುವುದಿಲ್ಲ. "ಹೊತ್ತೇ ಹೋಗುವುದಿಲ್ಲ ಕಣೋ" ಎನ್ನುತ್ತಾರೆ. "ನನ್ನದೇನು, ನಿಮ್ಮ ಕೆಲಸ ನೋಡಿಕೊಳ್ಳಿ" ಎನ್ನುತ್ತಾರೆ. "ಊರಿಗೆ ಹೋಗಿ ನಾಲ್ಕು ದಿನ ಇದ್ದು ಬರಲಾ?" ಎನ್ನುತ್ತಾರೆ. ಈ ಮಾತುಗಳನ್ನು ಕೇಳಿಸಿಕೊಳ್ಳಲು ಕಲಿತರೆ ಯಾವ ಪಟ್ಟಿಯೂ ಬೇಡ.

ಯಾಕೆ ಹೀಗಾಗುತ್ತದೆ?

ಸಂಗಾತಿಯ ಸಾವನ್ನು ಆಗಲೇ ಹೇಳಿದೆ. ಅದರ ಜೊತೆಗೆ ಸೇರಿಕೊಳ್ಳುವ ಕಾರಣಗಳು ಹಲವು. ಮಂಡಿ ನೋವು ಬಂದು ಮೆಟ್ಟಿಲು ಇಳಿಯುವುದು ನಿಂತರೆ ಪಾರ್ಕಿನ ಗೆಳೆತನವೂ ನಿಲ್ಲುತ್ತದೆ. ನಿವೃತ್ತರಾದ ಮೇಲೆ "ನನ್ನಿಂದ ಯಾರಿಗೆ ಏನು ಉಪಯೋಗ" ಎಂಬ ಭಾವನೆ ಮೂಡುತ್ತದೆ. ಕಿವಿ ಮಂದವಾದಾಗ ಆಗುವ ನಷ್ಟವನ್ನಂತೂ ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಊಟದ ಹೊತ್ತಿನಲ್ಲಿ ನಾಲ್ಕು ಜನ ಒಟ್ಟಿಗೆ ಮಾತನಾಡಿದರೆ ಅಜ್ಜನಿಗೆ ಅರ್ಥವಾಗುವುದಿಲ್ಲ. ಎರಡು ಸಲ "ಏನು?" ಎಂದು ಕೇಳುತ್ತಾರೆ. ಮೂರನೆಯ ಸಲ ನೀವು "ಏನಿಲ್ಲ ಬಿಡಿ ಅಜ್ಜ" ಎನ್ನುತ್ತೀರಿ. ನಾಲ್ಕನೆಯ ಸಲ ಅವರು ಕೇಳುವುದನ್ನೇ ಬಿಡುತ್ತಾರೆ. ಅಮೆರಿಕದಲ್ಲಿ 70ರಿಂದ 84 ವರ್ಷದ 977 ಜನರನ್ನು ಮೂರು ವರ್ಷ ಗಮನಿಸಿದ ಅಧ್ಯಯನವೊಂದರ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಶ್ರವಣ ಸಾಧನವನ್ನೂ ಅದನ್ನು ಬಳಸುವ ತರಬೇತಿಯನ್ನೂ ಪಡೆದವರು, ಪಡೆಯದವರಿಗಿಂತ ಸರಾಸರಿ ಒಬ್ಬ ಆಪ್ತರನ್ನು ಹೆಚ್ಚಾಗಿ ಉಳಿಸಿಕೊಂಡಿದ್ದರು. ಇಳಿವಯಸ್ಸಿನಲ್ಲಿ ಒಬ್ಬ ಆಪ್ತರು ಎಂದರೆ ಸಣ್ಣ ಮಾತಲ್ಲ.

ಇನ್ನು ನಮ್ಮಂಥ ಹೊರನಾಡಿನವರಿಗೆ ತೀರ ಹತ್ತಿರದ ಕಾರಣವೊಂದಿದೆ. ಅದು ಭಾಷೆ. ನೆದರ್ಲೆಂಡ್ಸಿನ ಯೆನ್ನಿ ಡಿ ಯೋಂಗ್ ಗೀರ್‌ವೆಲ್ಡ್ ಒಂಟಿತನದ ಅಧ್ಯಯನದಲ್ಲಿ ದೊಡ್ಡ ಹೆಸರು. ಅವರೂ ಅವರ ಸಹೋದ್ಯೋಗಿಗಳೂ ಕೆನಡಾಕ್ಕೆ ವಲಸೆ ಬಂದ ಹಿರಿಯರನ್ನು ಕುರಿತು ಮಾಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅಲ್ಲಿಯವರ ಭಾಷೆ, ಸಂಸ್ಕೃತಿಗೆ ಹತ್ತಿರವಿದ್ದ ನಾಡುಗಳಿಂದ ಬಂದವರಿಗಿಂತ, ಬೇರೆ ಭಾಷೆ ಬೇರೆ ಸಂಸ್ಕೃತಿಯಿಂದ ಬಂದವರಲ್ಲಿ ಒಂಟಿತನ ಹೆಚ್ಚಾಗಿ ಕಂಡುಬಂತು. ಕೆನಡಾ ದೂರದ ಮಾತಾಯಿತು. ಆದರೆ ಧಾರವಾಡದಿಂದ ಚೆನ್ನೈಗೆ, ಕುಂದಾಪುರದಿಂದ ಮುಂಬಯಿಗೆ ಎಪ್ಪತ್ತನೆಯ ವಯಸ್ಸಿನಲ್ಲಿ ಬಂದವರ ಪಾಡು ಬೇರೆಯೇನು? ದುಡಿಯಲು ಬಂದವನು ಊರಿನ ಭಾಷೆಯನ್ನು ಆರು ತಿಂಗಳಲ್ಲಿ ಕಲಿಯುತ್ತಾನೆ, ಏಕೆಂದರೆ ಹೊಟ್ಟೆಪಾಡು ಕಲಿಸುತ್ತದೆ. ಮಗನ ಮನೆಗೆ ಬಂದ ಅಜ್ಜಿಗೆ ಯಾರು ಕಲಿಸಬೇಕು? ಅವರಿಗೆ ಕನ್ನಡವೋ ತುಳುವೋ ಕೊಂಕಣಿಯೋ ಕೇಳಿಸಬೇಕಾದರೆ ಅದು ನಿಮ್ಮ ಬಾಯಿಂದಲೇ ಬರಬೇಕು. ನೀವೋ ಅಣ್ಣ ತಂಗಿಯರ ನಡುವೆ ಇಂಗ್ಲಿಷ್ ಆಡುತ್ತೀರಿ. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ನೀವು ಬೆಳೆದ ರೀತಿ ಹಾಗಿದೆ. ಆದರೆ ಆ ಹೊತ್ತಿನಲ್ಲಿ ಸೋಫಾದ ತುದಿಯಲ್ಲಿ ಕುಳಿತವರಿಗೆ ತನ್ನ ಮನೆಯೇ ಪರದೇಶವಾಗುತ್ತದೆ ಎಂಬುದನ್ನು ಮರೆಯಬೇಡಿ.

ಇದು ಬರಿಯ ಮನಸ್ಸಿನ ಬೇಸರವಾಗಿ ನಿಲ್ಲುವುದೂ ಇಲ್ಲ. 2010ರಲ್ಲಿ ಅಮೆರಿಕದ ಜೂಲಿಯಾನ್ ಹೋಲ್ಟ್-ಲುನ್‌ಸ್ಟಾಡ್ ಮತ್ತು ಸಂಗಡಿಗರು 148 ಅಧ್ಯಯನಗಳಲ್ಲಿ ಹರಡಿದ್ದ ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಬಾಂಧವ್ಯ ಗಟ್ಟಿಯಾಗಿದ್ದವರು ಆ ಅಧ್ಯಯನಗಳ ಅವಧಿಯಲ್ಲಿ ಬದುಕಿ ಉಳಿಯುವ ಸಂಭವ, ಬಾಂಧವ್ಯ ದುರ್ಬಲವಾಗಿದ್ದವರಿಗಿಂತ ನೂರಕ್ಕೆ 50ರಷ್ಟು ಹೆಚ್ಚಾಗಿತ್ತು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 8 ಲಕ್ಷ 71 ಸಾವಿರ ಸಾವುಗಳಿಗೆ ಒಂಟಿತನದ ನಂಟಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಅಂದಾಜು ಮಾಡಿತು. ಕಾಯಿಲೆಯಿಂದ ಒಂಟಿತನವೋ ಒಂಟಿತನದಿಂದ ಕಾಯಿಲೆಯೋ ಎಂದು ಪೂರ್ತಿ ಬೇರ್ಪಡಿಸುವುದು ಕಷ್ಟ. ಎರಡೂ ಒಂದನ್ನೊಂದು ಬೆಳೆಸುತ್ತವೆ.

ಹಾಗಾದರೆ ಮದ್ದೇನು?

"ಹಿರಿಯರನ್ನೆಲ್ಲ ಒಂದು ಕಡೆ ಸೇರಿಸಿ ಕಾರ್ಯಕ್ರಮ ಮಾಡಿದರಾಯಿತು" ಎಂಬುದು ಮೊದಲು ಹೊಳೆಯುವ ಉಪಾಯ. ಸಂಘದವರಾದ ನಾವೂ ಅದನ್ನೇ ಮಾಡುತ್ತ ಬಂದಿದ್ದೇವೆ. ಶಾಲು ಹೊದಿಸಿ, ಹಣ್ಣು ಕೊಟ್ಟು, ಫೋಟೋ ತೆಗೆದು ಮನೆಗೆ ಕಳಿಸುತ್ತೇವೆ. ಷಿಕಾಗೊ ವಿಶ್ವವಿದ್ಯಾಲಯದ ಜಾನ್ ಕಸಿಯೊಪ್ಪೊ ಅವರ ತಂಡ 2011ರಲ್ಲಿ, ಒಂಟಿತನ ಕಡಿಮೆ ಮಾಡಲು ಅಲ್ಲಿಯವರೆಗೆ ನಡೆದಿದ್ದ ಪ್ರಯೋಗಗಳನ್ನೆಲ್ಲ ಹೋಲಿಸಿ ನೋಡಿತು. ಎಲ್ಲ ವಯಸ್ಸಿನವರ ಮೇಲಿನ ಪ್ರಯೋಗಗಳೂ ಅದರಲ್ಲಿದ್ದವು. ಜನರನ್ನು ಸುಮ್ಮನೆ ಒಟ್ಟು ಸೇರಿಸುವುದಕ್ಕಿಂತ, "ನಾನು ಯಾರಿಗೂ ಬೇಡ" ಎಂಬ ಒಳಗಿನ ನಂಬಿಕೆಯನ್ನು ಸಡಿಲಿಸುವ ಪ್ರಯತ್ನಗಳೇ ಹೆಚ್ಚು ಫಲ ಕೊಟ್ಟಿದ್ದವು.

ಕಸಿಯೊಪ್ಪೊ ಇದಕ್ಕೆ ಕಾರಣವನ್ನೂ ಹೇಳುತ್ತಿದ್ದರು. ಒಂಟಿತನ ಬಹಳ ದಿನ ಉಳಿದರೆ ಮನಸ್ಸು ಸದಾ ಕಾವಲು ನಿಲ್ಲುತ್ತದೆ. ಎದುರಿನವರ ಮಾತಿನಲ್ಲಿ ತಿರಸ್ಕಾರವನ್ನೇ ಹುಡುಕುತ್ತದೆ. ನೀವು ಕೋಣೆಗೆ ಹೋದಾಗ ಅಜ್ಜ "ಈಗ ನೆನಪಾಯಿತೇನು?" ಎಂದು ಚುಚ್ಚುತ್ತಾರೆ. ನಿಮಗೆ ಮುಖ ಸಣ್ಣದಾಗುತ್ತದೆ, ಮರುದಿನ ಹೋಗುವುದಿಲ್ಲ. ಅಜ್ಜನ ಸಂಶಯ ನಿಜವೇ ಆಯಿತು. ಆ ಚುಚ್ಚುಮಾತು ನಿಮ್ಮ ಮೇಲಿನ ಸಿಟ್ಟಲ್ಲ, ಎಷ್ಟೋ ದಿನ ಕಾದ ಮನಸ್ಸಿನ ದಣಿವು ಎಂದು ತಿಳಿದವರು ಮರುದಿನವೂ ಹೋಗುತ್ತಾರೆ.

ಈಗ ನಿಮ್ಮ ವಯಸ್ಸಿನವರೇ ಪಾತ್ರಧಾರಿಗಳಾಗಿದ್ದ ಎರಡು ಪ್ರಯೋಗಗಳನ್ನು ಹೇಳುತ್ತೇನೆ.

ಮೊದಲನೆಯದು 1976ರದು. ರಿಚರ್ಡ್ ಶುಲ್ಜ್ ಎಂಬ ಸಂಶೋಧಕರು ಅಮೆರಿಕದ ಒಂದು ವೃದ್ಧರ ವಸತಿಗೃಹದಲ್ಲಿದ್ದ ನಲವತ್ತರಷ್ಟು ಜನರನ್ನು ನಾಲ್ಕು ಗುಂಪು ಮಾಡಿದರು. ಕಾಲೇಜು ವಿದ್ಯಾರ್ಥಿಗಳು ಸುಮಾರು ಎರಡು ತಿಂಗಳು ಅವರನ್ನು ನೋಡಲು ಹೋಗುತ್ತಿದ್ದರು. ಒಂದು ಗುಂಪಿನವರು ವಿದ್ಯಾರ್ಥಿ ಯಾವಾಗ ಬರಬೇಕು, ಎಷ್ಟು ಹೊತ್ತು ಇರಬೇಕು ಎಂದು ತಾವೇ ನಿರ್ಧರಿಸುತ್ತಿದ್ದರು. ಎರಡನೆಯ ಗುಂಪಿಗೆ ವಿದ್ಯಾರ್ಥಿ ಬರುವ ದಿನ, ವೇಳೆ ಮುಂಚಿತವಾಗಿ ತಿಳಿದಿರುತ್ತಿತ್ತು. ಮೂರನೆಯ ಗುಂಪಿನವರ ಬಳಿ ಹೇಳದೆ ಕೇಳದೆ ಬರುತ್ತಿದ್ದರು. ನಾಲ್ಕನೆಯವರ ಬಳಿ ಯಾರೂ ಬರುತ್ತಿರಲಿಲ್ಲ. ಮೊದಲೆರಡು ಗುಂಪಿನವರ ಆರೋಗ್ಯವೂ ಉತ್ಸಾಹವೂ ಉಳಿದವರಿಗಿಂತ ಚೆನ್ನಾಗಿತ್ತು. ಬೇಕಾದಾಗ ಬಂದು ಹೋಗುವ ಭೇಟಿ ಅಂಥ ಪ್ರಯೋಜನ ಕೊಡಲಿಲ್ಲ. ಬರುತ್ತಾರೆಂದು ಗೊತ್ತಿದ್ದರೆ ಕಾಯುವುದೂ ಒಂದು ಸಂತೋಷ. ಗೊತ್ತಿಲ್ಲದಿದ್ದರೆ ಕಾಯುವುದು ಬರಿಯ ಕಾಯುವುದೇ.

ಕತೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಪ್ರಯೋಗ ಮುಗಿಯಿತು, ವಿದ್ಯಾರ್ಥಿಗಳು ಹೋದರು. ಎರಡು ಮೂರು ವರ್ಷ ಕಳೆದು ನೋಡಿದಾಗ ಆ ಲಾಭವೆಲ್ಲ ಅಳಿಸಿಹೋಗಿತ್ತು. ಹೆಚ್ಚು ಚೇತರಿಸಿಕೊಂಡಿದ್ದವರೇ ಹೆಚ್ಚು ಕುಸಿದಿದ್ದರು. 1978ರಲ್ಲಿ ಶುಲ್ಜ್ ಮತ್ತು ಅವರ ಸಹೋದ್ಯೋಗಿ ಹನುಸಾ ಇದನ್ನು ಮುಚ್ಚಿಡದೆ ಪ್ರಕಟಿಸಿದರು. ಯುವ ಮಿತ್ರರೇ, ಈ ಲೇಖನದಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ. ನಡುವೆ ಕೈಬಿಡುವ ಸೇವೆಯಿಂದ ಹಾನಿಯಾಗಬಹುದು. ಆಗಸ್ಟ್ ಹದಿನೈದಕ್ಕೆ ವೃದ್ಧಾಶ್ರಮಕ್ಕೆ ಹೋಗಿ ಹಾಡಿ ಕುಣಿದು "ಮತ್ತೆ ಬರುತ್ತೇವೆ ಅಜ್ಜಿ" ಎಂದು ಹೇಳಿ ಬಂದವರು, ಆ ಮಾತನ್ನು ನಂಬಿ ಕುಳಿತವರು ಇದ್ದಾರೆ ಎಂಬುದನ್ನು ಯೋಚಿಸಬೇಕು.

ಎರಡನೆಯ ಪ್ರಯೋಗ ಕೋವಿಡ್ ಕಾಲದ್ದು. ಅಮೆರಿಕದ ಟೆಕ್ಸಾಸ್‌ನಲ್ಲಿ, ಮನೆಗೆ ಊಟ ತಲುಪಿಸುವ ಸೇವೆಯೊಂದನ್ನು ಅವಲಂಬಿಸಿದ್ದ 240 ಮಂದಿಯನ್ನು ಆರಿಸಿಕೊಂಡರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು 65 ದಾಟಿದವರು. ಅರ್ಧದಷ್ಟು ಮಂದಿಗೆ ನಾಲ್ಕು ವಾರ ಫೋನು ಮಾಡಲಾಯಿತು, ಉಳಿದವರಿಗೆ ಇಲ್ಲ. ಫೋನು ಮಾಡಿದವರು ಡಾಕ್ಟರರಲ್ಲ, ಮನಶ್ಶಾಸ್ತ್ರಜ್ಞರಲ್ಲ. 17ರಿಂದ 23 ವರ್ಷದ ಹದಿನಾರು ಜನ ಹುಡುಗ ಹುಡುಗಿಯರು! ಉಪದೇಶ ಮಾಡದೆ, ಎದುರಿನವರು ಹೇಳಿದ್ದನ್ನೇ ಹಿಡಿದು ಮುಂದಿನ ಮಾತು ಕೇಳಬೇಕು ಎಂಬಷ್ಟು ಸಣ್ಣ ತರಬೇತಿ ಅವರಿಗೆ ಸಿಕ್ಕಿತ್ತು. ಮೊದಲ ಐದು ದಿನ ದಿನಕ್ಕೊಂದು ಫೋನು. ಆಮೇಲೆ ವಾರಕ್ಕೆ ಎಷ್ಟು ಸಲ ಎಂಬುದು ಫೋನು ಎತ್ತುವವರ ಇಷ್ಟ, ಎರಡಕ್ಕೆ ಕಡಿಮೆಯಿಲ್ಲ. ಒಂದು ತಿಂಗಳಾದ ಮೇಲೆ ಅಳೆದಾಗ, ನಾನು ಮೇಲೆ ಹೇಳಿದ ಮೂರು ಪ್ರಶ್ನೆಗಳ ಅಳತೆಯಲ್ಲಿ ಅವರ ಒಂಟಿತನ ಉಳಿದವರದಕ್ಕಿಂತ ಸುಮಾರು ಒಂದು ಅಂಕದಷ್ಟು ಹೆಚ್ಚು ಇಳಿದಿತ್ತು. ಖಿನ್ನತೆಯೂ ಆತಂಕವೂ ತಗ್ಗಿದ್ದವು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು.

ನೀವು ಮಾಡಬಹುದಾದದ್ದು

ಇಷ್ಟನ್ನೆಲ್ಲ ಕೂಡಿಸಿದರೆ ಬರುವ ಮೊತ್ತ ಚಿಕ್ಕದು: ಗೊತ್ತಾದ ಹೊತ್ತು, ಅವರ ಇಷ್ಟ, ನಡುವೆ ನಿಲ್ಲದ ಮಾತು.

ದಿನಕ್ಕೆ ಹತ್ತು ನಿಮಿಷ ಸಾಕು, ಆದರೆ ಅದಕ್ಕೊಂದು ವೇಳೆ ಇರಲಿ. ಊರಿನಲ್ಲಿರುವ ಅಜ್ಜಿಗಾದರೆ ವಾರಕ್ಕೆರಡು ದಿನ, ಇಂಥ ಹೊತ್ತಿಗೆ ಫೋನು ಎಂದು ಗೊತ್ತುಮಾಡಿ. ಯಾವ ಹೊತ್ತು ಎಂಬುದನ್ನು ಅವರೇ ಹೇಳಲಿ. ಪರೀಕ್ಷೆ ಬಂದರೆ, ಬೇರೆ ಊರಿಗೆ ಕೆಲಸಕ್ಕೆ ಹೊರಟರೆ, ಮುಂಚೆಯೇ ಹೇಳಿ. ಮಾಯವಾಗಬೇಡಿ.

"ಊಟ ಆಯ್ತಾ?" ಎಂಬ ಪ್ರಶ್ನೆಯಲ್ಲೇ ನಿಲ್ಲಬೇಡಿ. "ಏನು ಊಟ? ಅದನ್ನು ಊರಲ್ಲಿ ಹೇಗೆ ಮಾಡುತ್ತಿದ್ದಿರಿ? ಯಾರು ಕಲಿಸಿದರು?" ಎಂದು ಮುಂದುವರಿಸಿ. ಮೂರನೆಯ ಪ್ರಶ್ನೆಗೆ ಬರುವಷ್ಟರಲ್ಲಿ ನೀವು ನಿಮ್ಮ ಮುತ್ತಜ್ಜಿಯ ಅಡುಗೆಮನೆಯಲ್ಲಿರುತ್ತೀರಿ.

ಕೊಡುವುದಷ್ಟೇ ಅಲ್ಲ, ಕೇಳಿ ಪಡೆಯಿರಿ. ತನ್ನಿಂದ ಉಪಯೋಗವಿದೆ ಎಂದು ತಿಳಿದವರ ಮನಸ್ಸು ನೆಟ್ಟಗಿರುತ್ತದೆ. ನಿಮ್ಮಲ್ಲಿ ಹಲವರಿಗೆ ಕನ್ನಡ ಮಾತನಾಡಲು ಬಂದರೂ ಓದಲು ಬಾರದು. ಈ ಪತ್ರಿಕೆಯನ್ನು ಅಮ್ಮನಿಂದ ಓದಿಸಿಕೊಳ್ಳುವವರೂ ಇದ್ದೀರಿ ಎಂದು ಬಲ್ಲೆ. ದಿನಕ್ಕೊಂದು ಪುಟವನ್ನು ಅಜ್ಜನ ಮುಂದೆ ತಡವರಿಸುತ್ತ ಓದಿ. ಅವರು ತಿದ್ದುತ್ತಾರೆ, ನಗುತ್ತಾರೆ, ನಡುವೆ ತಮ್ಮ ಶಾಲೆಯ ಮೇಷ್ಟರ ಕತೆ ಹೇಳುತ್ತಾರೆ. ನಿಮ್ಮ ತಪ್ಪು ಕನ್ನಡವೇ ಅವರಿಗೊಂದು ಉದ್ಯೋಗ. ನಾಚಿಕೆಪಡಬೇಡಿ.

ಅಜ್ಜನ ಕಿವಿಯನ್ನು ಪರೀಕ್ಷೆ ಮಾಡಿಸಿ ಎಂದು ಅಪ್ಪನಿಗೆ ಹೇಳಿ. ಶ್ರವಣ ಸಾಧನ ಡಬ್ಬಿಯಲ್ಲೇ ಉಳಿದಿದ್ದರೆ ಕೂಡಿಸಿ ಹಾಕಿಕೊಡಿ. ಅದಕ್ಕೆ ಒಗ್ಗಿಕೊಳ್ಳಲು ಕೆಲವು ವಾರ ಬೇಕು. ಎದುರು ಕುಳಿತು, ಮುಖ ಕಾಣುವಂತೆ, ನಿಧಾನವಾಗಿ ಮಾತನಾಡಿ.

ನಿಮ್ಮ ಕಟ್ಟಡದಲ್ಲೋ ಪಕ್ಕದ ಬೀದಿಯಲ್ಲೋ ಕನ್ನಡ ಬಲ್ಲ ಇನ್ನೊಬ್ಬ ಹಿರಿಯರು ಇದ್ದೇ ಇರುತ್ತಾರೆ. ಅವರಿಬ್ಬರನ್ನು ವಾರಕ್ಕೊಮ್ಮೆ ಕೂಡಿಸಿ. ಲಿಫ್ಟಿನವರೆಗೆ ಕೈಹಿಡಿದು ಕರೆದೊಯ್ಯುವುದಷ್ಟೇ ನಿಮ್ಮ ಕೆಲಸ. ಉಳಿದದ್ದನ್ನು ಅವರು ನೋಡಿಕೊಳ್ಳುತ್ತಾರೆ. ವೈಸ್ ಹೇಳಿದ ಎರಡನೆಯ ಬಗೆಯ ಒಂಟಿತನಕ್ಕೆ ಇದೇ ಮದ್ದು.

ಕಷ್ಟದಲ್ಲಿರುವ, ಯಾರೂ ಇಲ್ಲದ ಹಿರಿಯರು ಕಂಡರೆ ಕೇಂದ್ರ ಸರ್ಕಾರದ ಹಿರಿಯರ ಸಹಾಯವಾಣಿ 14567 ಇದೆ. ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಕರೆಗೆ ಹಣ ಬೀಳುವುದಿಲ್ಲ.

ಕೊನೆಯದಾಗಿ

ಈ ಮಾತು ಹಿರಿಯರ ಸಲುವಾಗಿ ಮಾತ್ರ ಎಂದು ತಿಳಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಅದೇ 2025ರ ವರದಿಯ ಪ್ರಕಾರ 13ರಿಂದ 29 ವಯಸ್ಸಿನವರಲ್ಲಿ ನೂರಕ್ಕೆ 17ರಿಂದ 21 ಮಂದಿ ಒಂಟಿತನವನ್ನು ಅನುಭವಿಸುತ್ತಿದ್ದಾರೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಳಕೋಣೆಯಲ್ಲಿ ನೀವು, ಹೊರಕೋಣೆಯಲ್ಲಿ ಅಜ್ಜಿ. ನಡುವೆ ಒಂದು ಗೋಡೆ.

ನಮ್ಮ ಸಂಘಗಳು ಹುಟ್ಟಿದ್ದು ಹೇಗೆಂದು ಕೇಳಿ ನೋಡಿ. ಹದಿನಾಲ್ಕು ಹದಿನಾರರ ವಯಸ್ಸಿನಲ್ಲಿ ಟ್ರಂಕು ಹಿಡಿದು ಮುಂಬಯಿಗೆ ಬಂದ ಹುಡುಗರು ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿದರು. ಮಾಟುಂಗದ ಮೈಸೂರು ಅಸೋಸಿಯೇಷನ್ ಶುರುವಾದದ್ದು 1926ರಲ್ಲಿ. ಹೀಗೆ ಊರೂರಿನಲ್ಲಿ ಒಂದೊಂದು ಸಂಘ. ಭಾಷೆ ಅಭಿಮಾನ ಎಲ್ಲ ಸರಿ. ಆದರೆ ಪರ ಊರಿನಲ್ಲಿ ತನ್ನ ಮಾತನ್ನು ಕೇಳುವ ನಾಲ್ಕು ಕಿವಿ ಬೇಕೆಂಬ ಹಂಬಲವೂ ಅದರ ಹಿಂದೆ ಇತ್ತು. ತಮ್ಮ ಹರೆಯದ ಒಂಟಿತನಕ್ಕೆ ತಾವೇ ಮದ್ದು ಕಂಡುಕೊಂಡ ಆ ಪೀಳಿಗೆಯವರಲ್ಲಿ ಹಲವರು ಈಗ ನಮ್ಮ ನಿಮ್ಮ ಮನೆಗಳ ಬಾಲ್ಕನಿಯಲ್ಲಿ ಕುಳಿತಿದ್ದಾರೆ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯಿದೆ. ಇಷ್ಟೆಲ್ಲ ದೇಶಗಳ ಸಂಶೋಧಕರು ಇಷ್ಟು ವರ್ಷ ಹುಡುಕಿ ತಂದದ್ದು ಹಿತ್ತಲ ಗಿಡವನ್ನೇ. ಇವತ್ತು ಸಂಜೆ ಮನೆಗೆ ಹೋದಾಗ ಚಪ್ಪಲಿ ಬಿಟ್ಟು ನೇರ ನಿಮ್ಮ ಕೋಣೆಗೆ ಹೋಗಬೇಡಿ. ಅಜ್ಜಿಯ ಪಕ್ಕದಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಿ. ಏಳುವಾಗ "ನಾಳೆ ಇದೇ ಹೊತ್ತಿಗೆ ಬರುತ್ತೇನೆ" ಎಂದು ಹೇಳಿ.

ಹೇಳಿದ ಮೇಲೆ, ನಾಳೆ ಹೋಗಿ.